ಆಲೆಮನೆಯ ಲೆಕ್ಕಕ್ಕೆ ನಮ್ಮದೇ ಸರ್ವರ್: ನನ್ನ ಅನುಭವ

ಬಟವಾಡೆ ಚೀಟಿಯಲ್ಲಿ ಲಕ್ಷ್ಮಮ್ಮ ಎಂಬ ಹೆಸರು 'ಲಕ್‌ಷ್‌ಮಮ್‌ಮ' ಎಂದು ಅಚ್ಚಾಗಿ ಬಂದ ದಿನ ನಾನು ಸರ್ವರ್ ಬದಲಿಸಲು ತೀರ್ಮಾನಿಸಿದೆ. ಖರ್ಚಿನ ಲೆಕ್ಕ ಆಮೇಲೆ ಬಂತು.

ಮಂಡ್ಯದ ಸುತ್ತಮುತ್ತಲಿನ ಆರು ಆಲೆಮನೆಗಳು ನಾನು ಬರೆದ ಒಂದು ಸಣ್ಣ ಆ್ಯಪ್‌ನಲ್ಲಿ ಲೆಕ್ಕ ಇಡುತ್ತವೆ. ಯಾರ ಹೊಲದಿಂದ ಎಷ್ಟು ಟನ್ ಕಬ್ಬು ಬಂತು, ಅವರಿಗೆ ಕೊಟ್ಟ ಮುಂಗಡ ಎಷ್ಟು, ಕೊಪ್ಪರಿಗೆಯ ಬಳಿ ದುಡಿಯುವವರ ವಾರದ ಕೂಲಿ ಎಷ್ಟು, ಮಾರುಕಟ್ಟೆಗೆ ಹೋದದ್ದು ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ ಎಂಬುದನ್ನು ಬರೆದಿಡುವುದೇ ಅದರ ಕೆಲಸ. ನನ್ನ ಸೋದರಮಾವನ ಆಲೆಮನೆಗೆಂದು ಮಾಡಿದ್ದು ನೆಂಟರಿಷ್ಟರ ಬಾಯಿಮಾತಿನಲ್ಲೇ ಹರಡಿತು. ಎರಡು ವರ್ಷ ಅದು ಅಮೆರಿಕದಲ್ಲಿದ್ದ ಒಂದು ನಿರ್ವಹಿತ ಹೋಸ್ಟಿಂಗ್ ವೇದಿಕೆಯಲ್ಲಿತ್ತು. ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಎಂಬ ಉಪಕರಣದಿಂದ ಕೋಡನ್ನು ತಳ್ಳಿದರೆ ಸಾಕು, ಉಳಿದದ್ದನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಆ ಸುಖ ದೊಡ್ಡದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಒತ್ತಕ್ಷರದ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕನ್ನಡದಲ್ಲಿ ಪಿಡಿಎಫ್ ಮಾಡುವ ಎಲ್ಲರಿಗೂ ಇದು ಎದುರಾಗುತ್ತದೆ. ಕಂಪ್ಯೂಟರಿನ ಒಳಗೆ 'ಕ್ಷ' ಎಂಬುದು ಕ, ಸ್ವರ ತೆಗೆಯುವ ಹಲಂತ ಚಿಹ್ನೆ (್), ಷ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒಂದೇ ಆಕಾರವಾಗಿ ಬರೆಯಲು ಹಾರ್ಫ್‌ಬಜ್‌ನಂತಹ ಪ್ರತ್ಯೇಕ ತಂತ್ರಾಂಶ ಬೇಕು. ನಾನು ಬಳಸುತ್ತಿದ್ದ ಸರಳ ಪಿಡಿಎಫ್ ಲೈಬ್ರರಿಗೆ ಆ ವಿದ್ಯೆ ಬರುತ್ತಿರಲಿಲ್ಲ, ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತಿತ್ತು. ವೀಸಿಪ್ರಿಂಟ್ ಎಂಬ ಇನ್ನೊಂದು ಲೈಬ್ರರಿ, ಪಠ್ಯವನ್ನು ಜೋಡಿಸುವ ಪ್ಯಾಂಗೋ ಎಂಬ ತಂತ್ರಾಂಶದ ಮೂಲಕ ಹಾರ್ಫ್‌ಬಜ್ ಅನ್ನು ಬಳಸುತ್ತದೆ. ಆದರೆ ನೋಟೋ ಸಾನ್ಸ್ ಕನ್ನಡದಂತಹ ಫಾಂಟ್ ಜೊತೆಗೆ ಪ್ಯಾಂಗೋ ಕೂಡ ಬೇಕು, ಪ್ಯಾಂಗೋವನ್ನು ಸರ್ವರಿನ ಮಟ್ಟದಲ್ಲಿ ಅನುಸ್ಥಾಪಿಸಬೇಕು. ನಾನಿದ್ದ ಯೋಜನೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ವಾರವಿಡೀ ಬೆಂಕಿಯ ಮುಂದೆ ನಿಂತು ದುಡಿದವರ ಕೈಗೆ, ಅವರ ಹೆಸರನ್ನೇ ಒಡೆದು ಬರೆದ ಚೀಟಿ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಎರಡನೆಯ ತೊಡಕು ಫೋಟೋಗಳದ್ದು. ತೂಕದ ಚೀಟಿಯ ಚಿತ್ರವನ್ನು ಕಬ್ಬಿನ ಲೋಡಿನ ಲೆಕ್ಕದ ಜೊತೆಗೇ ಇಡುವುದು ನಮ್ಮ ಪದ್ಧತಿ. ಅಂತಹ ವೇದಿಕೆಗಳಲ್ಲಿ ಆ್ಯಪ್ ಬರೆಯುವ ಡಿಸ್ಕ್ ತಾತ್ಕಾಲಿಕ, ಆ್ಯಪ್ ಮರುಪ್ರಾರಂಭವಾದರೆ ಅದರಲ್ಲಿದ್ದದ್ದು ಹೋಗುತ್ತದೆ. ಮೊದಲ ವಾರದ ಚಿತ್ರಗಳನ್ನು ನಾವು ಹಾಗೆಯೇ ಕಳೆದುಕೊಂಡೆವು. ಶಾಶ್ವತ ಸಂಗ್ರಹಕ್ಕೆ ಬೇರೆ ಸೇವೆ, ಬೇರೆ ಬಿಲ್ಲು.

ಆಮೇಲೆ ಹಣದ ಮಾತು. ಆ್ಯಪ್‌ಗೆ 7 ಡಾಲರ್, ಹಿನ್ನೆಲೆಯ ಕೆಲಸಗಳಿಗೆ ಮತ್ತೆ 7, ಡೇಟಾಬೇಸಿಗೆ 9. ಒಟ್ಟು 23 ಡಾಲರ್, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. 2024ರಲ್ಲಿ ಡಾಲರಿಗೆ 84 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 2,300 ರೂಪಾಯಿ. ಆರು ಆಲೆಮನೆಗಳಿಗೆ ಹಂಚಿದರೆ ಹೆಚ್ಚೇನಲ್ಲ ಎನಿಸಬಹುದು. ಬೆಲ್ಲದ ಬೆಲೆ ಬಿದ್ದ ತಿಂಗಳು ಆ ಹಣವನ್ನು ಕೇಳಲು ಹೋಗಿ ನೋಡಿ.

ಹುಡುಕಾಟದಲ್ಲಿ ನಾನು ಮೊದಲು ನೋಡಿದ್ದು ಸರ್ವರ್ ಇರುವ ಊರು. ಮನೆಯ ಫೈಬರ್ ಸಂಪರ್ಕದಿಂದ ಅಮೆರಿಕಕ್ಕೆ ಪಿಂಗ್ (ಸಂಪರ್ಕದ ವೇಗ ಅಳೆಯುವ ಪುಟ್ಟ ಸಂದೇಶ) ಹೋಗಿ ಬರಲು 250 ಮಿಲಿಸೆಕೆಂಡ್ ಹಿಡಿಯುತ್ತಿತ್ತು, ಬೆಂಗಳೂರಿಗೆ 20. ಒಂದು ಪುಟ ತೆರೆಯಲು ಇಂತಹ ಹಲವು ಸುತ್ತುಗಳು ಬೇಕು. ಹಳ್ಳಿಯ ಅಂಚಿನ ದುರ್ಬಲ ಸಿಗ್ನಲ್‌ನಲ್ಲಿ ಈ ಅಂತರ ಕಣ್ಣಿಗೆ ಕಾಣುತ್ತದೆ. ಸರ್ವರ್ ಬಾಡಿಗೆಗೆ ಕೊಡುವ ಕಂಪನಿಗಳಲ್ಲಿ ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ಲಿನೋಡ್‌ಗೆ ಮುಂಬೈ ಮತ್ತು ಚೆನ್ನೈ, ಅಮೆಜಾನ್ ಲೈಟ್‌ಸೇಲ್‌ಗೆ ಮುಂಬೈ. ಹೆಟ್ಜ್ನರ್ ಆಗ ಬಹಳ ಅಗ್ಗವಾಗಿತ್ತು, ಆದರೆ ಅದರ ಸರ್ವರ್‌ಗಳಲ್ಲಿ ನಮಗೆ ಹತ್ತಿರದ್ದೆಂದರೆ ಸಿಂಗಪುರದ್ದು. ನಾನು ಬೆಂಗಳೂರನ್ನೇ ಆರಿಸಿದೆ.

ಖಾಲಿ ಸರ್ವರ್ ಒಂದನ್ನು ಬಾಡಿಗೆಗೆ ಪಡೆದ ಮಾತ್ರಕ್ಕೆ ಆ್ಯಪ್ ಓಡುವುದಿಲ್ಲ. ಹಳೆಯ ವೇದಿಕೆಯ ಅನುಕೂಲವನ್ನು ನಮ್ಮ ಯಂತ್ರದಲ್ಲೇ ಕೊಡುವ ಮುಕ್ತ ತಂತ್ರಾಂಶಗಳಿವೆ. ಡೊಕ್ಕು, ಕ್ಯಾಪ್‌ರೋವರ್, ಕೂಲಿಫೈ ಮೂರನ್ನೂ ಪರೀಕ್ಷಿಸಿದೆ. ಕೂಲಿಫೈನ ವೆಬ್ ಫಲಕ ಅಂದವಾಗಿದೆ, ಆದರೆ ಅದು ತನಗಾಗಿಯೇ ಕನಿಷ್ಠ 2 ಜಿಬಿ ಮೆಮೊರಿ ಕೇಳುತ್ತದೆ. 2013ರಲ್ಲಿ ಆರಂಭವಾದ ಡೊಕ್ಕು, ಡಾಕರ್ ಮೇಲೆ ಕಟ್ಟಿದ ಕಮಾಂಡುಗಳ ಗುಂಪು. ಆ್ಯಪ್ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಇಮೇಜ್ ಎಂಬ ಒಂದೇ ಪೊಟ್ಟಣದಲ್ಲಿ ಕಟ್ಟಿ ಓಡಿಸುವ ತಂತ್ರಾಂಶವೇ ಡಾಕರ್. ಮೆಮೊರಿ ತಿನ್ನುವ ಫಲಕ ಅದಕ್ಕಿಲ್ಲ. ಆ್ಯಪ್ ಶುರುಮಾಡುವ ಕಮಾಂಡುಗಳಿರುವ ನನ್ನ ಹಳೆಯ ಪ್ರೊಕ್‌ಫೈಲ್ ಡೊಕ್ಕುವಿನಲ್ಲೂ ನಡೆಯುತ್ತದೆ, ಗಿಟ್‌ನಿಂದ ತಳ್ಳುವ ರೂಢಿಯೂ ಹಾಗೆಯೇ ಉಳಿಯುತ್ತದೆ. ನಾನು ಇಮೇಜ್ ಕಟ್ಟುವ ಸೂಚನೆಗಳ ಡಾಕರ್‌ಫೈಲ್ ಒಂದನ್ನು ಬರೆದು ಪ್ಯಾಂಗೋ ಮತ್ತು ಕನ್ನಡ ಫಾಂಟನ್ನು ಅದರಲ್ಲಿ ಸೇರಿಸಿದೆ. ಚೀಟಿಯ ಮೇಲೆ ಲಕ್ಷ್ಮಮ್ಮ ಸರಿಯಾಗಿ ಮೂಡಿದಳು.

ಮೊದಲು ಪಡೆದದ್ದು 6 ಡಾಲರಿನ, 1 ಜಿಬಿ ಮೆಮೊರಿಯ ಸರ್ವರ್. ಆ್ಯಪ್ ಅದರಲ್ಲಿ ಚೆನ್ನಾಗಿಯೇ ಓಡಿತು. ಆದರೆ ಹೊಸ ಕೋಡು ತಳ್ಳಿದಾಗ ಇಮೇಜ್ ಕಟ್ಟುವ ಕೆಲಸ ಅರ್ಧಕ್ಕೇ ನಿಂತುಹೋಗುತ್ತಿತ್ತು. ಮೆಮೊರಿ ಸಾಲದೆ ಸರ್ವರಿನ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ತಾನೇ ಆ ಕೆಲಸವನ್ನು ಕೊಲ್ಲುತ್ತಿತ್ತು. ಡಿಸ್ಕನ್ನೇ ಮೆಮೊರಿಯಂತೆ ಬಳಸುವ 2 ಜಿಬಿ ಸ್ವಾಪ್ ಫೈಲ್ ಇಟ್ಟೆ, ಕೆಲಸ ಮುಗಿಯಿತು, ಬಲು ನಿಧಾನವಾಗಿ. ಕೊನೆಗೆ 12 ಡಾಲರಿನ 2 ಜಿಬಿ ಸರ್ವರಿಗೆ ಏರಿದೆ. ವಾರದ ಬ್ಯಾಕಪ್ ಮತ್ತು ತೆರಿಗೆ ಸೇರಿ ತಿಂಗಳಿಗೆ 1,430 ರೂಪಾಯಿಯ ಆಸುಪಾಸು. ಡೇಟಾಬೇಸ್, ಹಿನ್ನೆಲೆಯ ಕೆಲಸ, ಫೋಟೋ ಸಂಗ್ರಹ ಎಲ್ಲವೂ ಅದರೊಳಗೇ.

ಸ್ಥಳಾಂತರಕ್ಕೆ 2024ರ ಆಯುಧಪೂಜೆಯ ದಿನವನ್ನು ಆರಿಸಿಕೊಂಡೆ. ಅಂದು ಗಾಣವನ್ನು ತೊಳೆದು ಕುಂಕುಮ ಹಚ್ಚಿ ಪೂಜಿಸುತ್ತಾರೆ, ನಮ್ಮ ಆರು ಆಲೆಮನೆಗಳಲ್ಲಿ ಕಬ್ಬು ಅರೆಯುವುದಿಲ್ಲ. ಆ್ಯಪ್‌ನ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ದಾಖಲೆಯ ಅವಧಿಯನ್ನು, ಬದಲಾವಣೆ ಬೇಗ ಹರಡಲೆಂದು, ಎರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿದ್ದೆ. ಬೆಳಿಗ್ಗೆ ಹಳೆಯ ಆ್ಯಪ್ ನಿಲ್ಲಿಸಿ, ಡೇಟಾಬೇಸಿನ ಪ್ರತಿ ತೆಗೆದು, ಹೊಸದಕ್ಕೆ ತುಂಬಿ, ಪ್ರತಿ ಆಲೆಮನೆಯ ಬಾಕಿ ಮೊತ್ತವನ್ನು ಎರಡೂ ಕಡೆ ಹೋಲಿಸಿ, ವಿಳಾಸ ಬದಲಿಸಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಉಚಿತ ಪ್ರಮಾಣಪತ್ರ ಬಂತು. ಆಗ ಅದರ ಆಯುಸ್ಸು 90 ದಿನವಿತ್ತು, ಆದ್ದರಿಂದ ತಾನಾಗಿ ನವೀಕರಣವಾಗುವ ವ್ಯವಸ್ಥೆಯನ್ನು ಅಂದೇ ಮಾಡಿಟ್ಟೆ. ಮಧ್ಯಾಹ್ನದ ಊಟಕ್ಕೆ ಮೊದಲು ಎಲ್ಲ ಮುಗಿದಿತ್ತು.

ಒಂದು ವಾರದ ನಂತರ ಮಾವ ಫೋನ್ ಮಾಡಿದರು. "ಬೆಳಗಿನ ಜಾವ ನಾಲ್ಕಕ್ಕೆ ಬಂದ ಲೋಡು ನಿನ್ನೆಯ ಲೆಕ್ಕಕ್ಕೇ ಬೀಳುತ್ತಿದೆ ಕಣಪ್ಪ. ಹೊಸ ಸರ್ವರ್ ಹಾಕಿದರೂ ಇದು ಹೋಗಲಿಲ್ಲವಲ್ಲ?" ಅವರು ಹೇಳಿದ್ದು ಸರಿ. ಸರ್ವರ್ ಜಾಗತಿಕ ಸಮಯದಲ್ಲಿ ನಡೆಯುತ್ತದೆ, ಅದರ ದಿನ ಬದಲಾಗುವುದು ನಮ್ಮ ಐದೂವರೆಗೆ. ಇದಕ್ಕೆ ಹಳೆಯ ವೇದಿಕೆಯೂ ಹೊಣೆಯಲ್ಲ, ಹೊಸದೂ ಅಲ್ಲ, ದಿನವನ್ನು ಲೆಕ್ಕ ಹಾಕುವ ನನ್ನ ಕೋಡೇ ಹೊಣೆ. ಭಾರತದ ಸಮಯ ವಲಯಕ್ಕೆ ತಿರುಗಿಸಿ ದಿನ ಗುರುತಿಸುವಂತೆ ಎರಡು ಸಾಲು ತಿದ್ದಿದೆ. ಸರ್ವರ್ ಬದಲಿಸುವ ಮುನ್ನ ಯಾವ ತೊಂದರೆ ಸರ್ವರಿನದು, ಯಾವುದು ಕೋಡಿನದು ಎಂದು ಕಾಗದದ ಮೇಲೆ ಬೇರ್ಪಡಿಸಿ ಬರೆದಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು.

ಇನ್ನು ಕಾವಲಿನ ಕೆಲಸ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ದೂರದಿಂದ ಸರ್ವರಿನೊಳಗೆ ಸುರಕ್ಷಿತವಾಗಿ ಹೋಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳನ್ನು ಮಾತ್ರ ಉಳಿಸಿದೆ. ಸರ್ವರಿನಲ್ಲಿರುವ ಉಬುಂಟು ಲಿನಕ್ಸಿನ ಭದ್ರತಾ ಪರಿಷ್ಕರಣೆಗಳು ತಾವಾಗಿಯೇ ಬರುವಂತೆ ಮಾಡಿದೆ. ಫೈರ್‌ವಾಲ್‌ನಲ್ಲಿ 22, 80, 443 ಈ ಮೂರು ಪೋರ್ಟುಗಳನ್ನು (ಹೊರಗಿನ ಸಂಪರ್ಕ ಒಳಬರುವ ಬಾಗಿಲುಗಳನ್ನು) ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿದೆ. ಹಾಗೆಂದು ನಾನು ನಂಬಿದ್ದೆ. ಮನೆಯಿಂದ ಡೇಟಾಬೇಸ್ ನೋಡಲು ಅದರ ಪೋರ್ಟನ್ನು ಡಾಕರ್ ಮೂಲಕ ತೆರೆದಿದ್ದೆ. ಡಾಕರ್ ತೆರೆದ ಪೋರ್ಟಿಗೆ ಯುಎಫ್‌ಡಬ್ಲ್ಯೂ ಎಂಬ ಆ ಫೈರ್‌ವಾಲ್‌ನ ನಿಯಮಗಳು ಅಡ್ಡ ಬರುವುದಿಲ್ಲ, ಡಾಕರ್ ಲಿನಕ್ಸಿನ ಒಳಗಿನ ಸಂಪರ್ಕ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ದಾರಿ ಮಾಡಿಕೊಳ್ಳುತ್ತದೆ. ತೆರೆದ ಪೋರ್ಟುಗಳನ್ನು ಹುಡುಕುವ ಎನ್‌ಮ್ಯಾಪ್ ಅನ್ನು ಹೊರಗಿನಿಂದ ಓಡಿಸಿದಾಗಲೇ ಬಾಗಿಲು ಊರಿಗೆಲ್ಲ ತೆರೆದಿರುವುದು ಕಂಡಿತು. ಅಂದೇ ಮುಚ್ಚಿದೆ. ಈಗ ಎಸ್‌ಎಸ್‌ಎಚ್ ಸುರಂಗದ ಮೂಲಕವೇ ಹೋಗುತ್ತೇನೆ. ಸ್ವಂತ ಸರ್ವರ್ ಇಟ್ಟವರು ದಯವಿಟ್ಟು ಹೊರಗಿನಿಂದ ಒಮ್ಮೆ ಪರೀಕ್ಷಿಸಿ, ಒಳಗಿನ ಫೈರ್‌ವಾಲ್ ಪಟ್ಟಿಯನ್ನಷ್ಟೇ ನಂಬಬೇಡಿ.

ಬ್ಯಾಕಪ್ ಪ್ರತಿ ರಾತ್ರಿ ಬೇರೆ ಕಂಪನಿಯ ಸಂಗ್ರಹಕ್ಕೆ ಹೋಗುತ್ತದೆ. ಒಂದೇ ಖಾತೆಯಲ್ಲಿ ಸರ್ವರ್ ಮತ್ತು ಬ್ಯಾಕಪ್ ಎರಡನ್ನೂ ಇಟ್ಟರೆ, ಖಾತೆ ಕೈತಪ್ಪಿದ ದಿನ ಎರಡೂ ಹೋಗುತ್ತವೆ. ಮೊದಲ ತಿಂಗಳು ಅದನ್ನು ಲ್ಯಾಪ್‌ಟಾಪಿನಲ್ಲಿ ಮರಳಿ ತುಂಬಲು ಹೋದಾಗ ಫೈಲ್ ತೆರೆಯಲೇ ಇಲ್ಲ. ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಸರ್ವರಿನಲ್ಲಿ 16ನೇ ಆವೃತ್ತಿಯದು, ಲ್ಯಾಪ್‌ಟಾಪಿನಲ್ಲಿ 14ನೆಯದು. ಹೊಸ ಆವೃತ್ತಿ ತೆಗೆದ ಆ ಪ್ರತಿಯನ್ನು ಹಳೆಯ ಉಪಕರಣ ಓದಲಿಲ್ಲ. ಪ್ರತಿ ಚೆನ್ನಾಗಿಯೇ ಇತ್ತು, ಆದರೆ ಅವಸರದ ರಾತ್ರಿಯಲ್ಲಿ ಇದನ್ನು ಕಂಡುಕೊಳ್ಳಬೇಕಾಗಿ ಬಂದಿದ್ದರೆ ಎಂದು ನೆನೆದು ಎದೆ ನಡುಗಿತು. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಮರಳಿ ತುಂಬಿ, ಒಟ್ಟು ಬಾಕಿಯನ್ನು ತಾಳೆ ನೋಡುತ್ತೇನೆ. ಅರ್ಧ ಗಂಟೆಯ ಕೆಲಸ.

ಎಲ್ಲರೂ ಹೀಗೆ ಮಾಡಲಿ ಎಂದು ನಾನು ಹೇಳುವುದಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಮನೆಪಾಠದ ಕೇಂದ್ರಗಳಿಗೆ ಶುಲ್ಕದ ಆ್ಯಪ್ ನಡೆಸುವ ಗೆಳೆಯ ತಾನೂ ಬದಲಿಸಲೇ ಎಂದು ಕೇಳಿದ. ಅವನ ಆ್ಯಪ್‌ಗೆ ವಿಶೇಷ ತಂತ್ರಾಂಶ ಬೇಕಿಲ್ಲ, ತಿಂಗಳಿಗೆ 600 ರೂಪಾಯಿ ಖರ್ಚು, ಹಗಲು ಬೇರೆ ಉದ್ಯೋಗ. ಇರುವಲ್ಲೇ ಇರು ಎಂದೆ. ಈಗ ಡಾಕರ್ ಇಮೇಜನ್ನೇ ನೇರವಾಗಿ ಸ್ವೀಕರಿಸುವ ನಿರ್ವಹಿತ ವೇದಿಕೆಗಳೂ ಹಲವಿವೆ. ಫಾಂಟಿನ ತೊಂದರೆಯೊಂದೇ ಇದ್ದವರಿಗೆ ಅಷ್ಟೇ ಸಾಕು.

ನನಗೆ ಉಳಿದಿದ್ದ ಒಂದೇ ಚಿಂತೆ, ಸರ್ವರಿನ ಕೀಲಿ ನನ್ನೊಬ್ಬನ ಬಳಿ ಇತ್ತು ಎಂಬುದು. ಕಳೆದ ವರ್ಷ ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ಅದು ಬಹಳ ಕಾಡಿತು. ಎದ್ದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಮೈಸೂರಿನಲ್ಲಿ ಓದುತ್ತಿರುವ ಮಾವನ ಮಗಳಿಗೆ ಎರಡನೆಯ ಕೀಲಿ ಮಾಡಿಕೊಟ್ಟದ್ದು. ಸರ್ವರ್ ನಿಂತರೆ ಯಾವ ಕಮಾಂಡ್ ಕೊಡಬೇಕು, ಬ್ಯಾಕಪ್ ಎಲ್ಲಿದೆ, ಬಿಲ್ಲು ಯಾವ ಕಾರ್ಡಿನಿಂದ ಹೋಗುತ್ತದೆ ಎಂದು ಕನ್ನಡದಲ್ಲೇ ಎರಡು ಪುಟ ಬರೆದುಕೊಟ್ಟೆ. ಹಿಂದಿನ ತಿಂಗಳು ಬ್ಯಾಕಪ್ ಮರಳಿ ತುಂಬಿ ತಾಳೆ ನೋಡಿದ್ದು ಅವಳೇ. ನನ್ನ ಎರಡನೆಯ ಪುಟದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿತ್ತು, ಅದನ್ನು ಪೆನ್ಸಿಲ್‌ನಲ್ಲಿ ಸೇರಿಸಿ ಕಳಿಸಿದ್ದಾಳೆ.