16 ಪುಟದೊಳಗೆ ಒಂದು ಕೆರೆ: ಮಕ್ಕಳಿಗೆ ಬರೆಯುವ ನನ್ನ ಅನುಭವ

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಬಿಲ್ ಬುಕ್, ಸೊಸೈಟಿಯ ವಾರ್ಷಿಕ ವರದಿ. ದಿನವೆಲ್ಲ ಬೇರೆಯವರ ಮಾತನ್ನು ಟೈಪ್ ಮಾಡುತ್ತೇನೆ. ಬೆಳಿಗ್ಗೆ ಪ್ರೆಸ್‌ಗೆ ಹೊರಡುವ ಮೊದಲಿನ ಹೊತ್ತು ಮಾತ್ರ ನನ್ನದು. ಮನೆಯಲ್ಲಿ ನಲ್ಲಿ ನೀರು ಬರುವ ಮುಂಚೆ, ಮಗಳು ಏಳುವ ಮುಂಚೆ, ಮಕ್ಕಳಿಗೆ ಕಥೆ ಬರೆಯುತ್ತೇನೆ. ನನ್ನ ಹೆಸರಿನ ಪುಸ್ತಕ ಇನ್ನೂ ಅಂಗಡಿಗೆ ಬಂದಿಲ್ಲ. ಆದರೆ ಬರೆಯುವ ರೀತಿ ಒಂದು ಹದಕ್ಕೆ ಬಂದಿದೆ. ನನ್ನ ಹಾಗೆ ನೌಕರಿ ಮಾಡಿಕೊಂಡು ಮಕ್ಕಳಿಗೆ ಬರೆಯಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಉಪಯೋಗವಾದೀತು ಅಂತ ಇದನ್ನು ಹೇಳುತ್ತಿದ್ದೇನೆ.

ಶುರುವಾದದ್ದು ಮಗಳಿಂದ. ಅವಳು ಸರಕಾರಿ ಶಾಲೆಯ ನಲಿ-ಕಲಿ ತರಗತಿಗೆ ಸೇರಿದಳು. ಅಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಅಂತ ಶುರು. ಈ ಐದು ಅಕ್ಷರ ಬಂದರೆ ಸಾಕು, ಅರಸ, ಸರ, ಗರಗಸ ಓದಿಬಿಡಬಹುದು. ಎಷ್ಟು ಚೆಂದದ ಯೋಚನೆ ಅಲ್ವಾ? ಓದಲು ಬರುತ್ತದೆ ಅಂತ ಗೊತ್ತಾದದ್ದೇ ತಡ, ಅವಳು ಕಂಡದ್ದನ್ನೆಲ್ಲ ಓದತೊಡಗಿದಳು. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ನಾನು ತಿದ್ದಲು ಮನೆಗೆ ತಂದ ಲಗ್ನಪತ್ರಿಕೆಯ ಪ್ರೂಫು. ಆದರೆ ಅವಳಿಗೆಂದು ತಂದ ಪುಸ್ತಕಗಳನ್ನು ಎರಡು ಸಾಲಿಗೆ ಮುಚ್ಚಿಡುತ್ತಿದ್ದಳು. ಅಕ್ಷರ ಸಣ್ಣ, ವಾಕ್ಯ ಉದ್ದ, ಒಂದು ಸಾಲಿನಲ್ಲಿ ನಾಲ್ಕು ಒತ್ತಕ್ಷರ. ಓದಲು ಕಲಿತ ಮಗುವಿನ ಕೈಗೆ ಓದಲಾಗದ ಪುಸ್ತಕ ಕೊಡುವುದು ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸಿತು. ಇವತ್ತಿಗೂ ನನ್ನನ್ನು ಬೆಳಿಗ್ಗೆ ಎಬ್ಬಿಸುವುದು ಅದೇ.

ಮೊದಲು ಮಾಡಿದ ಕೆಲಸ ಓದುವುದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ. ಮೊದಲ ಹಂತದ ಕಥೆ 250 ಪದದೊಳಗೆ, ಎರಡನೇ ಹಂತದ್ದು 250ರಿಂದ 600 ಪದ. ಈ ಅಳತೆ ತಿಳಿದದ್ದೇ ದೊಡ್ಡ ಸಹಾಯವಾಯಿತು. 250 ಪದ ಅಂದರೆ ಒಂದು ಲಗ್ನಪತ್ರಿಕೆಯಷ್ಟು ಮ್ಯಾಟರ್. ಅಷ್ಟರಲ್ಲಿ ಕಥೆ ಹುಟ್ಟಬೇಕು, ಬೆಳೆಯಬೇಕು, ಮುಗಿಯಬೇಕು.

ಯಾವುದರ ಬಗ್ಗೆ ಬರೆಯುವುದು ಅನ್ನುವುದಕ್ಕೆ ದೂರ ಹೋಗಬೇಕಾಗಲಿಲ್ಲ. ಗದಗದಿಂದ 26 ಕಿಲೋಮೀಟರ್ ದೂರದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇದೆ. ಚಳಿಗಾಲ ಬಂತೆಂದರೆ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಕೆರೆಗೆ! ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಬಂದ ಸುದ್ದಿಗಳನ್ನೆಲ್ಲ ಕತ್ತರಿಸಿ ಇಟ್ಟುಕೊಂಡೆ. ಹಕ್ಕಿಯ ತೂಕ, ಹಾರುವ ಎತ್ತರ, ಬರುವ ತಿಂಗಳು, ಹೋಗುವ ತಿಂಗಳು ಎಲ್ಲ ಬರೆದುಕೊಂಡೆ. ಮಾಹಿತಿ ಬೇಕಾದಷ್ಟು ಇತ್ತು. ಕಥೆ ಸಿಕ್ಕಿದ್ದು ಬೇರೆ ಕಡೆ.

ನನ್ನ ಹೆಂಡತಿಯ ತವರು ಆ ಕೆರೆಯ ಸೀಮೆಯಲ್ಲೇ. ಅಲ್ಲಿಯ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಅಲ್ಲಿ ಕೂತು ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಆ ಊರಿನ ಅಳಿಯ ಅಂತ ಮಕ್ಕಳೆಲ್ಲ ನನ್ನನ್ನು ಮಾಮಾ ಅಂತಲೇ ಕರೆಯುತ್ತಾರೆ. ಒಮ್ಮೆ ಹೆಬ್ಬಾತಿನ ಕಥೆಯ ಮೊದಲ ಕರಡು ಓದಿದೆ. ದೂರದೇಶದ ಅತಿಥಿ, ಹಿಮದ ಬೆಟ್ಟ, ನೀಲಿ ನೀರು. ಎಲ್ಲರೂ ಸುಮ್ನೆ ಕೇಳುತ್ತಿದ್ದರು. ಹಿಂದೆ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: “ಮಾಮಾ, ಅವು ನಮ್ಮ ಕಡ್ಲಿ ಹೊಲಕ್ಕ ಇಳಿತಾವ. ನಮ್ಮಪ್ಪ ನಸುಕಿನ್ಯಾಗ ಎದ್ದು ಓಡಸಾಕ ಹೋಗ್ತಾನ.”

“ನೀನೂ ಹೋಗ್ತೀಯೇನು?” ಅಂದೆ.

“ಹೋಗ್ತೀನಿ. ಡಬ್ಬಾ ಬಡೀತೀನಿ. ಆದ್ರ ಸಾಲಿ ಬಿಟ್ಟ ಮ್ಯಾಲೆ ಕೆರಿ ದಂಡಿಗೆ ಹೋಗಿ ನೋಡ್ತೀನಿ. ಭಾಳ ಚಂದ ಅದಾವ.”

ಅಷ್ಟೇ. ಬೆಳಿಗ್ಗೆ ಡಬ್ಬಾ ಬಡಿದು ಓಡಿಸುವ ಹುಡುಗಿ, ಸಂಜೆ ಅದೇ ಹಕ್ಕಿಗಳನ್ನು ನೋಡಲು ಕಾಯುತ್ತಾಳೆ. ನನ್ನ ಕತ್ತರಿಸಿಟ್ಟ ಸುದ್ದಿಗಳಲ್ಲಿ ಇಲ್ಲದ ಕಥೆ ಅವಳ ಎರಡು ಮಾತಿನಲ್ಲಿ ಇತ್ತು. ಅವಳಿಗೆ ಆ ಹಕ್ಕಿಗಳ ಮೇಲೆ ಸಿಟ್ಟೂ ನಿಜ, ಪ್ರೀತಿಯೂ ನಿಜ. ಹೊಲವೂ ಬೇಕು, ಹಕ್ಕಿಯೂ ಬೇಕು. ಎರಡರಲ್ಲಿ ಒಂದನ್ನು ಸುಳ್ಳು ಮಾಡಿ, ಕೊನೆಗೆ ‘ಹಕ್ಕಿಗಳನ್ನು ಪ್ರೀತಿಸೋಣ’ ಅಂತ ಬುದ್ಧಿ ಹೇಳಿ ಮುಗಿಸುವುದು ನನಗೆ ಬೇಡವಾಗಿತ್ತು. ಮಕ್ಕಳಿಗೆ ಬುದ್ಧಿ ಹೇಳಲು ಮನೆಯಲ್ಲಿ, ಶಾಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಾತು ಕೇಳಿಸಿಕೊಳ್ಳುವ ಪುಸ್ತಕ ಕಡಿಮೆ.

ಇನ್ನು ನನ್ನ ಕಸುಬು ಕೈಹಿಡಿದ ಭಾಗ. ಪುಸ್ತಕ ಅಚ್ಚಾಗುವುದು ಫಾರ್ಮ್ ಲೆಕ್ಕದಲ್ಲಿ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಪುಟಗಳು 8, 16, 24, 32 ಹೀಗೇ ಬರುತ್ತವೆ. ಹಾಗಾಗಿ ಕಥೆ ಬರೆಯುವ ಮೊದಲೇ ಡಮ್ಮಿ ಮಾಡುತ್ತೇನೆ. ನಾಲ್ಕು ಎ-ಫೋರ್ ಹಾಳೆ ನಡುವೆ ಮಡಚಿ, ಒಂದರೊಳಗೆ ಒಂದು ಸೇರಿಸಿ, ಬೆನ್ನಿಗೆ ಸೆಂಟರ್ ಪಿನ್ ಹೊಡೆದರೆ 16 ಪುಟದ ಪುಸ್ತಕ ಕೈಗೆ ಬರುತ್ತದೆ. ರಕ್ಷಾಪುಟ ಬೇರೆ. ಮೊದಲ ಪುಟ ಹೆಸರಿಗೆ, ಎರಡನೆಯದು ಪ್ರಕಾಶಕರ ವಿವರಕ್ಕೆ. ಕಥೆಗೆ ಉಳಿದದ್ದು 14 ಪುಟ. ಪೆನ್ಸಿಲ್ಲಿನಲ್ಲಿ ಒಂದೊಂದು ಪುಟಕ್ಕೆ ಒಂದೋ ಎರಡೋ ಸಾಲು.

ಬರೆಯುತ್ತಾ ಹೋದಂತೆ ಗೊತ್ತಾಗುವುದು, ಮಕ್ಕಳ ಪುಸ್ತಕದಲ್ಲಿ ಪುಟ ತಿರುಗಿಸುವುದೂ ಕಥೆಯ ಭಾಗ. ಬಲಗಡೆ ಪುಟದ ಕೊನೆಯ ಸಾಲು ಮಗುವಿನ ಕೈಯನ್ನು ಎಳೆಯಬೇಕು. ನನ್ನ ಕಥೆಯ ಮೂರನೇ ಪುಟದಲ್ಲಿ ಇರುವುದು ಇಷ್ಟೇ:

“ಇನ್ನೂ ಕತ್ತಲು. ಹೊಲದಲ್ಲಿ ಏನೋ ಗದ್ದಲ. ಯಾರದು?”

ಪುಟ ತಿರುಗಿಸಿದರೆ, ಎರಡೂ ಪುಟದ ತುಂಬ ಹೆಬ್ಬಾತು. “ಆಂಗ್! ಆಂಗ್! ಆಂಗ್!” ಅಷ್ಟೇ. ಅರಿವು ಕೇಂದ್ರದಲ್ಲಿ ಇದನ್ನು ಓದಿದಾಗ ‘ಯಾರದು?’ ಅಂದ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಮಕ್ಕಳು ತಡೆದುಕೊಳ್ಳುವುದಿಲ್ಲ. ಮುಂದಿನ ಪುಟ ನಾನು ತೆರೆಯುವ ಮೊದಲೇ ಅರ್ಧ ಮಕ್ಕಳು ‘ಆಂಗ್’ ಅನ್ನುತ್ತಿರುತ್ತಾರೆ. ಆ ಕೂಗು ನಾನು ಕಲಿಸಿದ್ದಲ್ಲ, ಅವರದೇ ಕೆರೆಯ ಹಕ್ಕಿಯದು. ಅದನ್ನು ಪುಸ್ತಕದಲ್ಲಿ ಕಂಡಾಗ ಅವರ ಮುಖ ನೋಡಬೇಕು.

ಒತ್ತಕ್ಷರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚಿಕ್ಕ ಮಕ್ಕಳಿಗೆ ಒತ್ತಕ್ಷರವೇ ಇಲ್ಲದೆ ಬರೆಯಿರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮ್ಮ, ಅಪ್ಪ, ಹಕ್ಕಿ, ಬೆಲ್ಲ, ಹಳ್ಳ, ಇವಿಲ್ಲದೆ ನಮ್ಮ ಮಕ್ಕಳ ಲೋಕವೇ ಇಲ್ಲ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ಮಕ್ಕಳು ಬೇಗ ಹಿಡಿಯುತ್ತಾರೆ. ತೊಡಕಾಗುವುದು ಬೇರೆ ಬೇರೆ ಅಕ್ಷರ ಮೇಲೊಂದು ಕೆಳಗೊಂದು ಸೇರಿದಾಗ, ಅದರ ಜೊತೆಗೆ ಅರ್ಕಾವತ್ತೂ ಬಂದಾಗ. ಅಂಥದ್ದು ಒಂದು ಪುಟಕ್ಕೆ ಒಂದಕ್ಕಿಂತ ಜಾಸ್ತಿ ಬಾರದಂತೆ ನೋಡಿಕೊಳ್ಳುತ್ತೇನೆ. ಅದಕ್ಕಿಂತ ದೊಡ್ಡ ತೊಡಕು ಉದ್ದದ ಕ್ರಿಯಾಪದ. ‘ಹಾರಿಹೋಗಿಬಿಟ್ಟಿದ್ದವಂತೆ’ ಅಂತ ಬರೆದರೆ ಮಗು ನಡುವೆಯೇ ಉಸಿರು ಬಿಡುತ್ತದೆ. ‘ಹಾರಿದವು. ಹೋದವು.’ ಅಂದರೆ ಸಾಕು.

ಜೊತೆಗೆ ಸಾಲಿನ ಅಂತರ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುರುತು ಮೇಲೆ ಏರುತ್ತದೆ. ಸಾಲುಗಳು ಹತ್ತಿರ ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಗು ಯಾವುದನ್ನು ಯಾವುದಕ್ಕೆ ಸೇರಿಸಬೇಕು? ಡಮ್ಮಿಯಲ್ಲಿ ನಾನು ಅಕ್ಷರ 20 ಪಾಯಿಂಟ್ ಇಟ್ಟರೆ ಸಾಲಿನ ಅಂತರ 34 ಇಡುತ್ತೇನೆ. ಸಾಲಿನ ಕೊನೆಯಲ್ಲಿ ಪದವನ್ನು ಮುರಿಯುವುದಿಲ್ಲ. ಉಸಿರು ನಿಲ್ಲುವಲ್ಲಿ ಸಾಲು ನಿಲ್ಲಬೇಕು.

ಚಿತ್ರ ಬರೆಯುವವನು ನನ್ನ ಗೆಳೆಯ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅವನು ಡಮ್ಮಿ ಓದುತ್ತಾ ಪೆನ್ಸಿಲ್ಲಿನಿಂದ ಸಾಲು ಹೊಡೆಯುತ್ತಾನೆ. “ಲೇ, ಬಿಳಿ ತಲಿ, ಕರಿ ಪಟ್ಟಿ ನಾ ಬರೀತೀನಿ. ನೀ ಯಾಕ ಬರೀತಿ? ನೀ ಸಪ್ಪಳ ಬರಿ, ಚಳಿ ಬರಿ.” ಚಿತ್ರಪುಸ್ತಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಎಲ್ಲೂ ಕೇಳಿಲ್ಲ. ಕಣ್ಣಿಗೆ ಕಾಣುವುದೆಲ್ಲ ಅವನ ಪಾಲು. ಕಿವಿಗೆ, ಮೂಗಿಗೆ, ಮನಸ್ಸಿಗೆ ತಾಗುವುದು ನನ್ನ ಪಾಲು. ಹೀಗೆ ಹಂಚಿಕೊಂಡ ಮೇಲೆ ಪಠ್ಯ ಅರ್ಧಕ್ಕೆ ಇಳಿಯಿತು, ಕಥೆ ಬೆಳೆಯಿತು.

ಭಾಷೆಯಲ್ಲಿ ನಿರೂಪಣೆಯನ್ನು ಶಾಲೆಯ ಪುಸ್ತಕದ ಕನ್ನಡದಲ್ಲೇ ಇಡುತ್ತೇನೆ, ಮಾತುಕತೆಯನ್ನು ನಮ್ಮ ಕಡೆಯ ಮಾತಿನಲ್ಲಿ. ಹುಡುಗಿ ಅಪ್ಪನಿಗೆ “ಯಪ್ಪಾ, ಬಂದ್ವು ನೋಡು” ಅನ್ನಬೇಕು. ಬೇರೆ ಸೀಮೆಯ ಮಕ್ಕಳಿಗೆ ಅರ್ಥವಾಗುತ್ತದೆಯೇ ಅಂತ ಕೇಳುತ್ತಾರೆ. ಚಿತ್ರ ಇದೆ, ಸಂದರ್ಭ ಇದೆ, ಖಂಡಿತ ಅರ್ಥವಾಗುತ್ತದೆ. ನಮ್ಮ ಮಕ್ಕಳು ಬೇರೆ ಕಡೆಯ ಕನ್ನಡ ಓದುತ್ತಲೇ ಬೆಳೆದಿಲ್ಲವೇ?

ಪ್ರಕಾಶಕರಿಗೆ ಕಳಿಸುವುದು ತಾಳ್ಮೆಯ ಕೆಲಸ. ಕೆಲವರು ಉತ್ತರ ಬರೆದರು, ಕೆಲವರು ಬರೆಯಲಿಲ್ಲ. ಅವರ ಕಷ್ಟವೂ ನನಗೆ ಗೊತ್ತು. ಬಣ್ಣದ ಪುಸ್ತಕಕ್ಕೆ ನಾಲ್ಕು ಪ್ಲೇಟು ಬೇಕು, ಕಾಗದ ಒಳ್ಳೆಯದು ಬೇಕು, ಪ್ರತಿ ಕಡಿಮೆ ಹಾಕಿಸಿದಷ್ಟೂ ಒಂದೊಂದಕ್ಕೆ ಬೀಳುವ ಖರ್ಚು ಜಾಸ್ತಿ. ಕಳಿಸುವಾಗ ಎಷ್ಟು ವಯಸ್ಸಿನ ಮಕ್ಕಳಿಗೆ, ಎಷ್ಟು ಪದ, ಎಷ್ಟು ಪುಟ ಅನ್ನುವುದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಫೈಲು ನುಡಿ ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯುನಿಕೋಡ್‌ನಲ್ಲಿ ಬೇಕೋ ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಅಲ್ಲಿ ತೆರೆದಾಗ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆ ಇದೆ. ಅದಕ್ಕೆ ವಯಸ್ಸಿನ ಮಿತಿ ಇರುವುದರಿಂದ ಪ್ರಕಟಣೆಯನ್ನು ಪೂರ್ತಿ ಓದಿ. ನೀವೇ ಪ್ರಕಟಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಮದುವೆ ಸೀಸನ್‌ನಲ್ಲಿ ಮಾತ್ರ ಬರವಣಿಗೆ ಕಷ್ಟ. ರಾತ್ರಿ ಹತ್ತರ ತನಕ ಪ್ರೆಸ್‌ನಲ್ಲೇ ಇರುತ್ತೇನೆ. ಆ ದಿನಗಳಲ್ಲಿ ಹೊಸದಾಗಿ ಬರೆಯುವುದಿಲ್ಲ. ಮಲಗುವ ಮುಂಚೆ ಮಗಳು ಡಮ್ಮಿ ಓದುತ್ತಾಳೆ, ನಾನು ಕೇಳುತ್ತೇನೆ. ಅವಳು ತಡವರಿಸಿದಲ್ಲಿ ಪೆನ್ಸಿಲ್ಲಿನಿಂದ ಚುಕ್ಕಿ ಇಡುತ್ತೇನೆ. ಚುಕ್ಕಿ ಬಿದ್ದ ಸಾಲನ್ನು ಬೆಳಿಗ್ಗೆ ಬದಲಿಸುತ್ತೇನೆ. ಒಂದು ಸಾಲು ಸರಿಹೋದರೂ ಆ ದಿನ ಪ್ರೆಸ್‌ಗೆ ಹೋಗುವಾಗ ಮನಸ್ಸು ಹಗುರ.

ಈಗ ಕೈಯಲ್ಲಿರುವುದು ಬೆಟಗೇರಿಯ ಮಗ್ಗದ ಕಥೆ. ನೂಲು ಹೊತ್ತ ಲಾಳಿ ಆಚೆಯಿಂದ ಈಚೆಗೆ ಓಡುತ್ತದಲ್ಲ, ಅದನ್ನು ಎಡಪುಟದಿಂದ ಬಲಪುಟಕ್ಕೆ, ಬಲದಿಂದ ಮತ್ತೆ ಎಡಕ್ಕೆ ಓಡಿಸಿದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ. ಪ್ರತಿ ಸಲ ಪುಟ ತಿರುಗಿಸಿದಾಗ ಸೀರೆ ಒಂದು ಗೇಣು ಬೆಳೆದಿರಬೇಕು. ನೂಲನ್ನು ಒತ್ತಿ ಕೂಡಿಸುವ ಹಣಿಗೆ ಬಡಿಯುವ ಸದ್ದನ್ನು ಯಾವ ಅಕ್ಷರದಲ್ಲಿ ಹಿಡಿಯಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಗೆಳೆಯ ಒಂದು ಸಲ ಮಗ್ಗದ ಪಕ್ಕ ಕೂತು ಕೇಳೋಣ ಅಂದಿದ್ದಾನೆ. ಬರುವ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗುತ್ತೇವೆ.