ದೋಣಿಯ ಪಟ್ಟೆಗೆ ಹೊಸ ಬಣ್ಣ: ಮೇಣ ಮತ್ತು ಟೇಪ್‌ನದ್ದೇ ಆಟ

ಫೈಬರ್‌ಗ್ಲಾಸ್ ದೋಣಿಯ ಮೈ ಚೆನ್ನಾಗಿಯೇ ಇರುತ್ತದೆ. ಅದರ ಮೇಲಿನ ಬಣ್ಣದ ಪಟ್ಟೆ ಮಾಸಿದರೆ ಮಾತ್ರ ಇಡೀ ದೋಣಿಗೇ ವಯಸ್ಸಾದಂತೆ ಕಾಣುತ್ತದೆ. ಇದನ್ನು ನೀವೇ ಸರಿಮಾಡಬಹುದು. ಬಣ್ಣ ಸಣ್ಣ ಡಬ್ಬಿ ಸಾಕು, ಬಿಡುವು ಮಾತ್ರ ಎರಡು ಮೂರು ದಿನ ಬೇಕು.

ಮೊದಲು ಸೋಪು ನೀರಿನಿಂದ ತೊಳೆದು ಒಣಗಿಸಿ. ಆಮೇಲೆ ಮೇಣ ತೆಗೆಯಿರಿ. ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ನ ಮೇಣ ಸೋಪಿಗೆಲ್ಲ ಜಗ್ಗುವುದಿಲ್ಲ. ಮೇಣ ತೆಗೆಯುವ ಥಿನ್ನರ್ ತಂದು ಒಂದು ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಬಿಡಿ. ಬಟ್ಟೆ ಆಗಾಗ ಬದಲಿಸಿ, ಇಲ್ಲವಾದರೆ ಮೇಣ ಜಾಗ ಬದಲಿಸುತ್ತದೆ ಅಷ್ಟೇ. ಈ ಹಂತ ಬಿಟ್ಟು ಸ್ಯಾಂಡ್ ಪೇಪರ್ ಹಿಡಿದರೆ ಮೇಣ ಗೀರುಗಳೊಳಗೇ ಸೇರಿಕೊಂಡು, ಬಣ್ಣ ಕಚ್ಚುವುದಿಲ್ಲ. ಪರೀಕ್ಷೆ ಸುಲಭ: ನೀರು ಚಿಮುಕಿಸಿ. ಹನಿಹನಿಯಾಗಿ ನಿಂತರೆ ಮತ್ತೆ ಒರೆಸಿ. ಒಂದೇ ಪದರವಾಗಿ ಹರಡಿದರೆ ಮುಂದುವರಿಯಿರಿ.

ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ಕೆರೆಯುವುದು ಬೇಡ. 220 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ನಂತರ ಅದಕ್ಕಿಂತ ನಯವಾದ 320ರಲ್ಲಿ. ಹೊಳಪು ಹೋಗಿ ಮಂಕಾದರೆ ಸಾಕು. ಹಪ್ಪಳದಂತೆ ಏಳುತ್ತಿರುವ ಬಣ್ಣವನ್ನು ಮಾತ್ರ ತೆಗೆಯಲೇಬೇಕು. ಆದರೆ ಮರಕ್ಕೆ ಬಳಸುವ ಪೇಂಟ್ ರಿಮೂವರ್ ಸುರಿಯಬೇಡಿ. ಅದು ಕೆಳಗಿನ ಜೆಲ್‌ಕೋಟನ್ನೂ, ಅಂದರೆ ಫೈಬರ್‌ಗ್ಲಾಸ್‌ನ ಮೇಲಿನ ನುಣುಪಾದ ರಾಳದ ಪದರವನ್ನೂ, ತಿನ್ನಬಹುದು. ಜೆಲ್‌ಕೋಟ್ ಇರುವುದೇ ಸುಮಾರು ಅರ್ಧ ಮಿಲಿಮೀಟರ್. ಹಾಗಾಗಿ ಯಂತ್ರಕ್ಕಿಂತ ಕೈಯೇ ವಾಸಿ. ಮಾಸ್ಕ್ ಮರೆಯಬೇಡಿ. ಗುಳಿಗಳಿದ್ದರೆ ಎಪಾಕ್ಸಿ ಪುಟ್ಟಿ ತುಂಬಿ ಉಜ್ಜಿ ಸಮ ಮಾಡಿ.

ಇನ್ನು ಟೇಪ್. ಸಾಮಾನ್ಯ ಮಾಸ್ಕಿಂಗ್ ಟೇಪ್‌ನ ಮೈ ಸುಕ್ಕುಸುಕ್ಕು. ಆ ಸುಕ್ಕಿನಡಿ ಬಣ್ಣ ನುಸುಳುತ್ತದೆ. ಅಂಚಿಗೆ ತೆಳು ಪ್ಲಾಸ್ಟಿಕ್ ಫೈನ್‌ಲೈನ್ ಟೇಪ್ ಹಾಕಿ, ಅದರಾಚೆ ಬೇಕಾದರೆ ಅಗ್ಗದ ಟೇಪ್ ಇರಲಿ. ತುಂಡು ತುಂಡಾಗಿ ಅಂಟಿಸಿದರೆ ಗೆರೆ ಹಾವಿನಂತೆ ಹೋಗುತ್ತದೆ. ಉದ್ದಕ್ಕೆ ಬಿಚ್ಚಿ ಹಿಡಿದು, ದೋಣಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಒತ್ತಿ. ಪಟ್ಟೆಯ ಕೆಳ ಅಂಚು ನೀರಿನ ಮಟ್ಟಕ್ಕಿಂತ ಮೇಲಿರಲಿ. ಪಟ್ಟೆಗೆ ಬಳಿಯುವ ಬಣ್ಣ ಸದಾ ನೀರಲ್ಲಿ ಮುಳುಗಿರಲೆಂದು ಮಾಡಿದ್ದಲ್ಲ, ಗುಳ್ಳೆ ಏಳುತ್ತದೆ.

ಬಣ್ಣದ ಆಯ್ಕೆಯಲ್ಲಿ ನನ್ನ ಮತ ಏನನ್ನೂ ಬೆರೆಸದೆ ಬಳಿಯುವ ಒಂದೇ ಡಬ್ಬಿಯ ಪಾಲಿಯುರೆಥೇನ್ ಬಣ್ಣಕ್ಕೆ. ಎರಡು ಡಬ್ಬಿ ಬೆರೆಸುವ ಬಗೆ ಜಾಸ್ತಿ ಬಾಳಿಕೆ ಬರುತ್ತದೆ ನಿಜ. ಆದರೆ ಅದರ ಥಿನ್ನರ್ ಹಳೆಯ ಬಣ್ಣವನ್ನು ಕೆದರಿ ಎಬ್ಬಿಸಬಹುದು. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುವುದರಿಂದ ಸ್ಪ್ರೇ ಮಾಡುವುದು ಶ್ವಾಸಕೋಶಕ್ಕೆ ಅಪಾಯ. ಮನೆಯಲ್ಲಿ ಬೇಡವೇ ಬೇಡ.

ಸುಡು ಬಿಸಿಲೂ ಇಬ್ಬನಿಯೂ ಇಲ್ಲದ ಹೊತ್ತು ನೋಡಿ, ಧೂಳು ಒರೆಸಿ ಬಳಿಯಿರಿ. ಮೃದು ಬ್ರಷ್, ತೆಳು ಪದರ. ಮೊದಲ ಪದರದಲ್ಲಿ ಹಳೆಯದು ಇಣುಕಿದರೆ ಗಾಬರಿ ಬೇಡ, ಎರಡನೆಯದು ಮುಚ್ಚುತ್ತದೆ. ದಪ್ಪ ಬಳಿದರೆ ಸೋರುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, 320ರಲ್ಲಿ ಹಗುರವಾಗಿ ಸವರಿ, ಮತ್ತೆ ಬಳಿಯಿರಿ.

ಕೊನೆಯ ಪದರ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ನಾಳೆ ತೆಗೆದರಾಯ್ತು ಎಂದು ಬಿಟ್ಟರೆ ಅಂಚು ಹಲ್ಲುಹಲ್ಲಾಗಿ ಕಿತ್ತು ಬರುತ್ತದೆ. ಎಲ್ಲೋ ಸ್ವಲ್ಪ ಬಣ್ಣ ನುಸುಳಿದ್ದರೆ, ಹಸಿಯಿರುವಾಗಲೇ ಥಿನ್ನರ್ ತಾಗಿಸಿದ ಬಟ್ಟೆಯ ಮೂಲೆಯನ್ನು ಉಗುರಿಗೆ ಸುತ್ತಿ ತೆಗೆದುಬಿಡಿ.