ಆಡೂ ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ. ಆ ಗಾದೆಯನ್ನೇ ಸುಳ್ಳು ಮಾಡಿದ ಗಿಡ ಆಡುಸೋಗೆ. ಆಡುಮುಟ್ಟದ ಗಿಡ ಅಂತಲೂ ಕರೆಯುತ್ತಾರೆ. ಎಲೆಯ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ, ಆಡು ಯಾಕೆ ಮೂತಿ ತಿರುಗಿಸುತ್ತದೆ ಅಂತ ಗೊತ್ತಾಗುತ್ತದೆ. ಆ ಕಹಿ ಗಂಟಲಿಗಿಳಿದು ಅಲ್ಲೇ ಕೂತುಬಿಡುತ್ತದೆ.

ಕಫ ಕಟ್ಟಿದ ಕೆಮ್ಮಿಗೆ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಇದೇ ಮೊದಲ ಮದ್ದು. ಆದರೆ ಮೊದಲ ಸಲ ನಾನು ಮಾಡಿದ್ದು ಶುದ್ಧ ಎಡವಟ್ಟು. ಒಂದು ಹಿಡಿ ಹಸಿ ಎಲೆ ತಂದು ಮಿಕ್ಸಿಗೆ ಹಾಕಿದೆ. ರಸವೇ ಬಿಡಲಿಲ್ಲ. ಒಂದು ಲೋಟ ನೀರು ಸುರಿದು ಮತ್ತೆ ರುಬ್ಬಿದೆ. ಹಸಿರು ನೊರೆ ಬಂತು. ಮದ್ದಲ್ವಾ, ಜಾಸ್ತಿ ಕುಡಿದರೆ ಬೇಗ ವಾಸಿಯಾಗುತ್ತದೆ ಅಂತ ಅಷ್ಟನ್ನೂ ಮಗನಿಗೆ ಕುಡಿಸಿದೆ. ಐದೇ ನಿಮಿಷ, ಬಚ್ಚಲಿಗೆ ಓಡಿದ. ಈಗ ಅವನ ತಲೆ ನರೆತಿದೆ, ಆಡುಸೋಗೆ ಅಂದರೆ ಇವತ್ತಿಗೂ ಎದ್ದು ಹೋಗುತ್ತಾನೆ. ಪ್ರಮಾಣ ಮೀರಿದರೆ ಇದರಿಂದ ವಾಂತಿ ಭೇದಿ ಆಗುತ್ತದೆ ಅಂತ ಆಮೇಲೆ ತಿಳಿಯಿತು.

ಸರಿಯಾದ ಕ್ರಮ ಹೇಳಿಕೊಟ್ಟವರು ನಮ್ಮ ಚಿಕ್ಕಮ್ಮ. ಈ ಎಲೆ ಹಸಿಯಾಗಿ ಹಿಂಡಿದರೆ ರಸ ಕೊಡುವುದಿಲ್ಲ, ಮೊದಲು ಬೆಂದು ಬಾಡಬೇಕು. ವೈದ್ಯರು ಎಲೆ ಅರೆದು ಉಂಡೆ ಕಟ್ಟಿ, ಬೇರೆ ಎಲೆಯಲ್ಲಿ ಸುತ್ತಿ, ಮೇಲೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಡುತ್ತಾರೆ. ಪುಟಪಾಕ ಅಂದರೆ ಅದೇ. ಮನೆಯಲ್ಲಿ ಅಷ್ಟೆಲ್ಲ ಯಾರು ಮಾಡುತ್ತಾರೆ? ಹಬೆ ಸಾಕು. ತೀರ ಎಳೆಯದೂ ಅಲ್ಲದ, ಹಳದಿಯೂ ಆಗದ ಹತ್ತು ಹನ್ನೆರಡು ಎಲೆ ತೊಳೆದು, ಕುದಿಯುವ ನೀರಿನ ಮೇಲೆ ತೂತಿನ ತಟ್ಟೆಯಲ್ಲಿ ಹತ್ತು ನಿಮಿಷ ಬೇಯಿಸಿ. ಹೊಳಪು ಹೋಗಿ, ಎಲೆ ಒದ್ದೆ ಬಟ್ಟೆಯ ಹಾಗೆ ಜೋಲಬೇಕು. ಕೈಗೆ ತಾಳುವಷ್ಟು ಆರಿದ ಮೇಲೆ ಕುಟ್ಟಿ, ತೆಳು ಬಟ್ಟೆಯಲ್ಲಿ ಹಾಕಿ ಬಿಗಿಯಾಗಿ ಹಿಂಡಿ. ಎರಡು ಮೂರು ಚಮಚ ಗಟ್ಟಿ ರಸ ಸಿಗುತ್ತದೆ. ದೊಡ್ಡವರಿಗೆ ಒಂದು ಟೀ ಚಮಚ ರಸ, ಅಷ್ಟೇ ಜೇನುತುಪ್ಪ, ದಿನಕ್ಕೆ ಎರಡು ಸಲ. ಮೂರು ನಾಲ್ಕು ದಿನ ಸಾಕು. ರಸ ಇಟ್ಟರೆ ಕೆಡುತ್ತದೆ, ಅವತ್ತಿನದು ಅವತ್ತಿಗೇ ಮಾಡಿ. ಕೆಮ್ಮು ತಕ್ಷಣ ನಿಂತುಬಿಡುತ್ತದೆ ಅಂದುಕೊಳ್ಳಬೇಡಿ. ಕಫ ನೀರಾಗಿ ಸಲೀಸಾಗಿ ಹೊರಗೆ ಬರುತ್ತದೆ, ಇದರ ಕೆಲಸ ಅದು.

ಇದು ಸುಮ್ನೆ ಅಜ್ಜಿ ಕಥೆಯಲ್ಲ. ಎಲೆಯಲ್ಲಿ ವಾಸಿಸಿನ್ ಎಂಬ ಅಂಶ ಇದೆ. ಗಿಡದ ಸಂಸ್ಕೃತ ಹೆಸರು ವಾಸಾ, ಅದರಿಂದಲೇ ಈ ಹೆಸರು. ಇದನ್ನು ನೋಡಿಕೊಂಡೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ತಯಾರಿಸಿದರು. ಕಫದ ಸಿರಪ್‌ಗಳಲ್ಲಿ ಬರುವ ಆಂಬ್ರಾಕ್ಸಾಲ್ ಕೂಡ ಅದೇ ಬಳ್ಳಿಯ ಕುಡಿ. ಹಾಗಾಗಿ ಡಾಕ್ಟರು ಬರೆದುಕೊಟ್ಟ ಸಿರಪ್ಪನ್ನೂ ಕುಡಿದು, ಮೇಲೆ ಈ ರಸವನ್ನೂ ಕುಡಿಯಬೇಡಿ. ಬಾಟಲಿ ಮೇಲಿನ ಹೆಸರು ಒಮ್ಮೆ ಓದಿ.

ಬಸುರಿಯರಿಗೆ ಇದನ್ನು ಖಂಡಿತ ಕೊಡಬಾರದು. ಅದೇ ವಾಸಿಸಿನ್ ಗರ್ಭಕೋಶವನ್ನು ಹಿಂಡುವ ಹಾಗೆ ಮಾಡುತ್ತದೆ, ಗರ್ಭ ಇಳಿಯುವ ಭಯ ಇದೆ. ಗಿಡಮೂಲಿಕೆ ತಾನೇ, ಏನಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ಹಾಲೂಡಿಸುವವರು, ಬೇರೆ ಕಾಯಿಲೆಗೆ ದಿನಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಟ್ಟಲಿ. ಚಿಕ್ಕ ಮಕ್ಕಳಿಗೆ ನಾನಂತೂ ಕೊಡುವುದಿಲ್ಲ. ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಬೇಡ.

ವಾಸಾ ಇರುವಾಗ ಕ್ಷಯದವರು, ಕೆಮ್ಮಿನವರು ಯಾಕೆ ಕೊರಗಬೇಕು ಅಂತ ಹಳೆಯ ಶ್ಲೋಕವೊಂದು ಕೇಳುತ್ತದೆ. ಆ ಕಾಲಕ್ಕೆ ಅದು ಸರಿ. ಈಗ ಕ್ಷಯಕ್ಕೆ ಗುಣಪಡಿಸುವ ಮಾತ್ರೆಗಳೇ ಇವೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತು ಜ್ವರ, ಕಫದಲ್ಲಿ ರಕ್ತ ಕಂಡರೆ ಎಲೆ ಕೀಳುತ್ತಾ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ.

ಗಿಡದ ಗುರುತು ಗೊತ್ತಿಲ್ಲದಿದ್ದರೆ ಹೂ ಬಿಡುವವರೆಗೆ ಕಾಯಿರಿ. ಎಲೆ ಗೇಣುದ್ದ, ಎರಡೂ ತುದಿ ಚೂಪು, ಎದುರುಬದುರು ಜೋಡಿಯಾಗಿ ಇರುತ್ತದೆ. ಇಂಥ ಎಲೆ ಬೇರೆ ಗಿಡಕ್ಕೂ ಇರಬಹುದು. ಹೂವು ಮಾತ್ರ ಮೋಸ ಮಾಡುವುದಿಲ್ಲ. ಬಿಳಿ ಹೂ, ಕೆಳತುಟಿಯಲ್ಲಿ ನೇರಳೆ ಗೆರೆಗಳು. ಪಕ್ಕದಿಂದ ನೋಡಿದರೆ ಬಾಯಿ ತೆರೆದ ಸಿಂಹದ ಹಾಗೆ. ಸಿಂಹಾಸ್ಯ ಅಂತ ಇನ್ನೊಂದು ಹೆಸರು ಬಂದದ್ದು ಅದಕ್ಕೇ.

ಬೀಜಕ್ಕೆ ಪರದಾಡಬೇಕಿಲ್ಲ. ಮೂರು ನಾಲ್ಕು ಗೆಣ್ಣಿರುವ ಬಲಿತ ಕಡ್ಡಿ ಮುರಿದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಓರೆಯಾಗಿ ಊರಿ. ನೀರು ನಿಲ್ಲದಿದ್ದರೆ ಸಾಕು, ಚಿಗುರುತ್ತದೆ. ಬೇಲಿ ಸಾಲಿಗೇ ನೆಟ್ಟುಬಿಡಿ. ದನ ತಿನ್ನುವುದಿಲ್ಲ, ಆಡಂತೂ ಮೂಸಿ ನೋಡಿ ಮುಂದೆ ಹೋಗುತ್ತದೆ.